ಒಂದು ರಾತ್ರಿಯ ಅಡಿಗೆಮನೆ

ಏಪ್ರಿಲ್ ತಿಂಗಳ ಒಂದು ಸಂಜೆ. ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಹೋಗುವಾಗ ಸಿಗುವ ಕುಪ್ಪಳ್ಳಿಯ ಆಸುಪಾಸಿನ ಯಾವುದಾದರೊಂದು ಅಡಿಕೆ ತೋಟದ ಮನೆ ಎಂದಿಟ್ಟುಕೊಳ್ಳಿ. ಅಂಗಳದಲ್ಲಿ ಅಡಿಕೆ ದಬ್ಬೆಯ ಚಪ್ಪರ ಎದ್ದಿದೆ. ಮೇಲೆ ಸೋಗೆ ಹೊದಿಸಿ ಆಗಿದೆ. ಮನೆಯ ಹಿಂದೆ, ಬಾವಿಯಿಂದ ಹತ್ತು ಮಾರು ದೂರದಲ್ಲಿ, ಇನ್ನೊಂದು ಚಿಕ್ಕ ಚಪ್ಪರ. ಬೆಳಿಗ್ಗೆ ಅದರ ಕೆಳಗೆ ಬರಿ ನೆಲವಿತ್ತು. ಈಗ ಉದ್ದಕ್ಕೆ ತೋಡಿದ ಗುಂಡಿ ಒಲೆಯಿದೆ, ಪಕ್ಕದೂರಿನಿಂದ ತಂದ ತಾಮ್ರದ ಕೊಪ್ಪರಿಗೆಗಳು ಮಗುಚಿ ಬಿದ್ದಿವೆ, ಈಳಿಗೆ ಮಣೆಗಳ ಸುತ್ತ ನೆರೆಮನೆಯ ಹೆಂಗಸರು ಕುಳಿತು ಬೀನ್ಸು ಹೆಚ್ಚುತ್ತಿದ್ದಾರೆ.

ಜೀಪಿನಿಂದ ಇಳಿದ ಅಡಿಗೆಯವರು ಮೊದಲು ನೋಡುವುದು ಸೌದೆಯ ರಾಶಿಯನ್ನು. ಒಂದು ತುಂಡನ್ನು ಎತ್ತಿ ಇನ್ನೊಂದಕ್ಕೆ ಬಡಿದು ಕಿವಿಗೊಡುತ್ತಾರೆ. ಠಣ್ ಎಂದರೆ ಒಣಗಿದೆ. ದೊಪ್ ಎಂದರೆ ಹಸಿ. ಆಮೇಲಷ್ಟೇ ಯಜಮಾನರ ಕಡೆಗೆ ತಿರುಗುತ್ತಾರೆ.

"ನಾಳೆಗೆ ಎಷ್ಟು ಎಲೆ ಬೀಳ್ಬಹುದು ಗೌಡ್ರೆ?"

"ನಾನೂರು ಅಂತ ಇಟ್ಕಳಿ."

"ನೀವು ನಾನೂರು ಅಂದ್ರೆ ನಾನು ನಾನೂರೈವತ್ತು ಅಂತ ಇಟ್ಕಳ್ತೀನಿ. ಇವತ್ತು ರಾತ್ರಿಗೆ?"

"ರಾತ್ರಿ ಇನ್ನೂರರ ಮೇಲೆ ಹೋಗಲ್ಲ ಮಾರಾಯ್ರೆ."

ಜನರನ್ನು ತಲೆಯಿಂದಲ್ಲ, ಎಲೆಯಿಂದ ಎಣಿಸುವುದು ಈ ವೃತ್ತಿಯ ಮೊದಲ ಪಾಠ. ಯಜಮಾನ ಹೇಳಿದ ಸಂಖ್ಯೆಯನ್ನು ನಂಬದಿರುವುದು ಎರಡನೆಯದು.

ಈಚಿನ ವರ್ಷಗಳಲ್ಲಿ ದೊಡ್ಡ ನಗರಗಳಲ್ಲಿ 'ಪಾಪ್-ಅಪ್ ರೆಸ್ಟೊರೆಂಟ್' ಎಂಬುದು ಕೇಳಿಬರುತ್ತಿದೆ. ಇಲ್ಲದಿದ್ದ ಜಾಗದಲ್ಲಿ ಒಂದು ಹೋಟೆಲು ದಿಢೀರನೆ ತಲೆಯೆತ್ತುತ್ತದೆ, ಮೊದಲ ಗುಡುಗಿಗೆ ಏಳುವ ಅಣಬೆಯ ಹಾಗೆ. ಬೇರೆ ಊರಿನಿಂದ ಹೆಸರಾಂತ ಬಾಣಸಿಗರೊಬ್ಬರು ಅತಿಥಿಯಾಗಿ ಬಂದು ಒಂದೇ ಒಂದು ರಾತ್ರಿ ಅಡಿಗೆ ಮಾಡುತ್ತಾರೆ. ಮುಂಚಿತವಾಗಿ ಹಣ ಕಟ್ಟಿದವರು ಉಣ್ಣುತ್ತಾರೆ. ಮರುದಿನ ಅಲ್ಲಿ ಏನೂ ಇರುವುದಿಲ್ಲ. ಇದನ್ನು ಹೊಸ ಕಲ್ಪನೆಯೆಂದು ಬಣ್ಣಿಸುವವರು ಒಮ್ಮೆ ಮಲೆನಾಡಿಗೆ ಬಂದು ಚಪ್ಪರದ ಊಟ ಉಂಡು ಹೋಗಬೇಕು. ಇಲ್ಲಿ ಹಣ ಕಟ್ಟುವವರು ಒಬ್ಬರೇ, ಉಣ್ಣುವವರು ಊರಿಗೆ ಊರು, ಅಷ್ಟೇ ವ್ಯತ್ಯಾಸ.

ಅತಿಥಿ ಬಾಣಸಿಗರ ಕಥೆ ನಮ್ಮಲ್ಲಿ ಬಹಳ ಹಳೆಯದು. ವಿರಾಟನ ಅರಮನೆಯಲ್ಲಿ ವಲಲನೆಂಬ ಹೆಸರಿನಲ್ಲಿ ಸೌಟು ಹಿಡಿದ ಭೀಮ, ಋತುಪರ್ಣನ ಬಳಿ ಬಾಹುಕನಾಗಿದ್ದ ನಳ ಇಬ್ಬರನ್ನೂ ಮಕ್ಕಳು ಬಲ್ಲರು. ಕನ್ನಡದಲ್ಲಿ ಅಡಿಗೆಯನ್ನು ಶಾಸ್ತ್ರವೆಂದೇ ಬರೆದಿಟ್ಟವರಿದ್ದಾರೆ. ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ' ಹನ್ನೊಂದನೆಯ ಶತಮಾನದ್ದು. ಅದರಲ್ಲಿ ಪಾಕದ ಅಧ್ಯಾಯವಿದೆ. ಮೂರನೆಯ ಮಂಗರಸ 1508ರ ಸುಮಾರಿಗೆ 'ಸೂಪಶಾಸ್ತ್ರ'ವೆಂಬ ಇಡೀ ಪುಸ್ತಕವನ್ನೇ ಷಟ್ಪದಿಯಲ್ಲಿ ಬರೆದ. ಸಾಗರ, ಹೊಸನಗರದವರು ಹೆಮ್ಮೆಪಡಬೇಕಾದ ಸಂಗತಿಯೊಂದಿದೆ. ಹದಿನೇಳನೆಯ ಶತಮಾನದ ಕೊನೆ, ಹದಿನೆಂಟರ ಆರಂಭದಲ್ಲಿ ಬಿದನೂರಿನಿಂದ ಆಳಿದ ಕೆಳದಿಯ ಬಸವರಾಜ ನಾಯಕ ಸಂಸ್ಕೃತದಲ್ಲಿ ರಚಿಸಿದ 'ಶಿವತತ್ವ ರತ್ನಾಕರ' ಒಂದು ವಿಶ್ವಕೋಶ. ರಾಜ್ಯಭಾರ, ಶಿಲ್ಪ, ಸಂಗೀತಗಳ ಜೊತೆಗೆ ಅಡಿಗೆಯ ವಿಚಾರವೂ ಅದರಲ್ಲಿದೆ. ದೊರೆಯೊಬ್ಬ ಅಡಿಗೆಯ ಬಗ್ಗೆ ಬರೆಯುವುದು ಆಗ ನಾಚಿಕೆಯ ವಿಷಯವಾಗಿರಲಿಲ್ಲ. ಮಗ ಅಡಿಗೆ ಕಲಿಯುತ್ತೇನೆಂದರೆ ಹುಬ್ಬು ಗಂಟಿಕ್ಕುವ ಇಂದಿನ ತಂದೆಯರು ಇದನ್ನು ಗಮನಿಸಬಹುದು.

ಪಶ್ಚಿಮದಲ್ಲಿ ಈ ವೃತ್ತಿಗೆ ಶಿಸ್ತು ತಂದವನು ಫ್ರಾನ್ಸಿನ ಆಗಸ್ಟ್ ಎಸ್ಕಾಫಿಯೆ. 1870ರ ಫ್ರಾನ್ಸ್–ಪ್ರಷ್ಯಾ ಯುದ್ಧದಲ್ಲಿ ಸೈನ್ಯದ ಅಡಿಗೆಯವನಾಗಿದ್ದ ಈತ, ಮುಂದೆ ಲಂಡನ್ನಿನ ಸೆವಾಯ್ ಹೋಟೆಲಿನಲ್ಲಿ ಅಡಿಗೆಮನೆಯನ್ನು ಸೈನ್ಯದ ತುಕಡಿಯಂತೆ ವಿಂಗಡಿಸಿದ. ಸಾರಿಗೊಬ್ಬ, ಮಾಂಸಕ್ಕೊಬ್ಬ, ಸಿಹಿಗೊಬ್ಬ. ಎಲ್ಲರ ಮೇಲೊಬ್ಬ ಮುಖ್ಯಸ್ಥ. ನಮ್ಮ ಚಪ್ಪರದೊಳಗೆ ಇಣುಕಿದರೂ ಕಾಣುವುದು ಅದೇ. ಅನ್ನದ ಒಲೆಯವನು ಅನ್ನ ಬಿಟ್ಟು ಕದಲುವುದಿಲ್ಲ. ಕರಿಯುವವನು ಬಾಣಲೆಯೆದುರು. ರುಬ್ಬುವ ಕಡೆ ಇಬ್ಬರು. ಮೇಲಿನವರು ಕೂರುವುದೇ ಇಲ್ಲ. ಸೊಂಟಕ್ಕೆ ಬಿಗಿದ ಟವೆಲಿನಲ್ಲಿ ಕೈಯೊರೆಸುತ್ತ ಒಲೆಯಿಂದ ಒಲೆಗೆ ತಿರುಗುತ್ತಿರುತ್ತಾರೆ.

ಮನೆಯ ಅಡಿಗೆಯನ್ನು ನೂರರಿಂದ ಗುಣಿಸಿದರೆ?

ಮನೆಯಲ್ಲಿ ನಾಲ್ವರಿಗೆ ಚೆನ್ನಾಗಿ ಅಡಿಗೆ ಮಾಡುವ ತಾಯಿಗೆ ನಾನೂರು ಜನರ ಅಡಿಗೆ ಒಪ್ಪಿಸಿದರೆ ಆಗುವುದಿಲ್ಲವೇಕೆ? ಎಲ್ಲವನ್ನೂ ನೂರರಿಂದ ಗುಣಿಸಿದರೆ ಸಾಲದೆ? ಇಲ್ಲಿ ಪ್ರೌಢಶಾಲೆಯ ಗಣಿತ ಅಡ್ಡ ಬರುತ್ತದೆ. ಹತ್ತು ಸೆಂಟಿಮೀಟರ್ ಬದಿಯ ಒಂದು ಘನವನ್ನು ತೆಗೆದುಕೊಳ್ಳಿ. ಅದು ಹಿಡಿಯುವುದು ಒಂದು ಲೀಟರ್. ಅದರ ಮೈ 600 ಚದರ ಸೆಂಟಿಮೀಟರ್. ಬದಿಯನ್ನು ಇಪ್ಪತ್ತು ಮಾಡಿ. ಹಿಡಿಯುವುದು ಎಂಟು ಲೀಟರ್, ಮೈ ಮಾತ್ರ 2400. ಒಳಗಿರುವುದು ಎಂಟು ಪಟ್ಟಾಯಿತು, ಶಾಖ ಒಳಹೋಗುವ ದಾರಿ ನಾಲ್ಕೇ ಪಟ್ಟಾಯಿತು. ಅಂದರೆ ಲೀಟರೊಂದಕ್ಕೆ ದೊರೆಯುವ ಮೈ ಅರ್ಧಕ್ಕಿಳಿಯಿತು. ನೂರು ಲೀಟರಿನ ಕೊಪ್ಪರಿಗೆಯಲ್ಲಿ ಇದು ಇನ್ನೂ ಕಡಿಮೆ. ಆದ್ದರಿಂದ ತಳ ಸೀದರೂ ನಡುವೆ ಬೇಳೆ ಬೆಂದಿರುವುದಿಲ್ಲ. ಆಳೆತ್ತರದ ಸಟ್ಟುಗದಿಂದ ತಳ ಮುಟ್ಟಿ ಮೇಲೆತ್ತುತ್ತ ತಿರುವುವವನ ಕೆಲಸ, ತಳದ ಶಾಖವನ್ನು ಹೊತ್ತು ನಡುವಿಗೆ ಮುಟ್ಟಿಸುವುದು. ಅವನೊಬ್ಬ ಶಾಖದ ಕೂಲಿಯಾಳು ಎನ್ನಿ!

ಹಳೆಯವರು ತಾಮ್ರವನ್ನು ಆರಿಸಿಕೊಂಡದ್ದೂ ಸುಮ್ಮನೆ ಅಲ್ಲ. ತಾಮ್ರ ಸ್ಟೀಲಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಚೆನ್ನಾಗಿ ಶಾಖವನ್ನು ಹರಿಯಬಿಡುತ್ತದೆ. ಒಂದು ಮಗ್ಗುಲಲ್ಲಿ ಉರಿ ಜೋರಾದರೂ ಅದು ಬೇಗ ಸುತ್ತಲೂ ಹರಡುವುದರಿಂದ ಒಂದೇ ಕಡೆ ಸೀಯುವುದು ಕಡಿಮೆ. ಆದರೆ ತಾಮ್ರಕ್ಕೂ ಹುಳಿಗೂ ಆಗದು. ಹುಣಸೆಯ ರಸದಲ್ಲಿ ತಾಮ್ರ ಕರಗಿ ಸಾರು ಕಿಲುಬಾಗುತ್ತದೆ, ಉಂಡವರಿಗೆ ಹೊಟ್ಟೆ ತೊಳಸುತ್ತದೆ. ಆದ್ದರಿಂದಲೇ ಕಲಾಯಿ. ಕಾದ ಪಾತ್ರೆಯೊಳಗೆ ನವಸಾಗರ ಉಜ್ಜಿ, ತವರದ ಕಡ್ಡಿ ಮುಟ್ಟಿಸಿ, ಅರಿವೆಯಿಂದ ಸವರುವ ಆ ಕೆಲಸವನ್ನು ಈಗಿನ ಮಕ್ಕಳು ನೋಡಿರಲಾರರು. ತವರ ಕರಗುವುದು 232 ಡಿಗ್ರಿಯಲ್ಲಿ. ನವಸಾಗರ ತಾಮ್ರದ ಮೇಲಿನ ಕಿಟ್ಟವನ್ನು ಕಳೆದು ತವರ ಹಿಡಿಯುವಂತೆ ಮಾಡುತ್ತದೆ. ಕಲಾಯಿಯವರು ಅಪರೂಪವಾಗಿರುವುದರಿಂದ ಅನೇಕ ಅಡಿಗೆಯವರು ಈಗ ಅಲ್ಯೂಮಿನಿಯಂ, ಸ್ಟೀಲಿಗೆ ತಿರುಗಿದ್ದಾರೆ. ಕಲಾಯಿ ಹೋದ ಕೊಪ್ಪರಿಗೆ ಕಂಡರೆ ಅನುಭವಿಗಳು ಅದನ್ನು ನೀರು ಕಾಯಿಸುವುದಕ್ಕೆ ಮಾತ್ರ ಬಿಟ್ಟುಕೊಡುತ್ತಾರೆ.

ನಾಳೆಯ ನಾನೂರೈವತ್ತು ಎಲೆಗೆ ಅಕ್ಕಿ ಎಷ್ಟು? ಕಿಲೋಗೆ ಒಂಬತ್ತು ಹತ್ತು ಜನ ಎಂದು ಹಿಡಿದು ಐವತ್ತು ಕಿಲೋದ ಆಸುಪಾಸು ಅಕ್ಕಿ ಅಳೆಸುತ್ತಾರೆ. ಒಂದೇ ಬಾರಿಗೆ ಬೇಯಿಸುವುದಿಲ್ಲ. ಮೊದಲ ಪಂಕ್ತಿಗೊಂದು ಹದ, ಎರಡನೆಯದಕ್ಕೊಂದು. ಕುದಿಯುವ ನೀರಿಗೆ ಅಕ್ಕಿ ಬಿಟ್ಟು, ಬೆಂದ ಕೂಡಲೇ ದೊಡ್ಡ ಬಿದಿರು ಬುಟ್ಟಿಗಳಿಗೆ ಬಗ್ಗಿಸಿ ಗಂಜಿ ಬಸಿದು, ತೊಳೆದ ಚಾಪೆಯ ಮೇಲೆ ಹರವುತ್ತಾರೆ. ಹರವದಿದ್ದರೆ ಏನಾಗುತ್ತದೆ? ರಾಶಿಯ ನಡುವಿನ ಅನ್ನ ತನ್ನ ಶಾಖದಲ್ಲೇ ಇನ್ನೂ ಬೆಂದು ಮುದ್ದೆಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅದಕ್ಕೆ ಮುಂದೆ ಬರೋಣ.

ಕಡುಬಿನ ರಾತ್ರಿ

ಹಿಂದಿನ ರಾತ್ರಿಯ ಊಟಕ್ಕೆ ಮದುವೆಯೂಟದ ಗಾಂಭೀರ್ಯವಿಲ್ಲ. ಸಾಗರದ ಕಡೆಯ ಹವ್ಯಕರ ಮನೆಯಾದರೆ ಅಪ್ಪೆಹುಳಿ, ತಂಬುಳಿ, ಒಂದು ಪಲ್ಯ. ತೀರ್ಥಹಳ್ಳಿಯ ಒಕ್ಕಲಿಗರ ಮನೆಗಳಲ್ಲಿ ಕಡುಬು ಬೇಕೇ ಬೇಕು, ಜೊತೆಗೆ ಕೋಳಿ ಸಾರೋ ಹಂದಿ ಮಾಂಸದ ತುಂಡೋ. ಕುವೆಂಪು ಅವರ ಕಾದಂಬರಿಗಳನ್ನು ಓದಿದವರಿಗೆ ಕಡುಬು ತುಂಡಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಕುಪ್ಪಳ್ಳಿಯ ಕವಿಮನೆ ಈಗ ವಸ್ತು ಸಂಗ್ರಹಾಲಯ. ಅಲ್ಲಿ ಹಳೆಯ ಅಡಿಗೆಮನೆಯನ್ನೂ ಪಾತ್ರೆ ಪರಡಿಗಳನ್ನೂ ನೋಡಿದರೆ, ದಿನವೂ ಹತ್ತಾರು ಎಲೆ ಬೀಳುತ್ತಿದ್ದ ಮನೆಯ ಅಂದಾಜು ಸಿಗುತ್ತದೆ.

ಕಡುಬು ಮಾಡುವುದು ನೋಡಲು ಸುಲಭ. ಅಕ್ಕಿಯ ತರಿಯನ್ನು ಕುದಿವ ನೀರಿನಲ್ಲಿ ಗೊಟಾಯಿಸಿ, ಕೈ ಸುಡುವಾಗಲೇ ಉಂಡೆ ಕಟ್ಟಿ, ಹಬೆಯಲ್ಲಿ ಇಡುವುದು. ಇದರಲ್ಲಿ ಎರಡು ಹಂತದ ಬೇಯುವಿಕೆಯಿದೆ. ಸುಮಾರು 65–75 ಡಿಗ್ರಿಯಲ್ಲಿ ಅಕ್ಕಿಯ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಈ ಅಂಟೇ ಉಂಡೆಯನ್ನು ಹಿಡಿದಿಡುವುದು. ಆರಿದ ಹಿಟ್ಟಿನಲ್ಲಿ ಉಂಡೆ ಬಿರಿಯುವುದರಿಂದ ಬಿಸಿಯಲ್ಲೇ ಕಟ್ಟಬೇಕು. ಕಟ್ಟುವವರ ಪಕ್ಕದಲ್ಲಿ ತಣ್ಣೀರಿನ ಬಟ್ಟಲು ಇರುವುದು ಅದಕ್ಕೇ. ಆಮೇಲೆ ಹಬೆಯ ಸರದಿ. ಒಂದು ಗ್ರಾಂ ಹಬೆ ಕಡುಬಿನ ಮೈಗೆ ತಾಗಿ ನೀರಾಗುವಾಗ ಬಿಟ್ಟುಕೊಡುವ ಶಾಖ ಸುಮಾರು 540 ಕ್ಯಾಲೊರಿ. ಅದೇ ಒಂದು ಗ್ರಾಂ ಕುದಿನೀರು ಒಂದು ಡಿಗ್ರಿ ಆರುವಾಗ ಕೊಡುವುದು ಒಂದೇ ಕ್ಯಾಲೊರಿ. ಹಬೆ ತಗುಲಿದ ಕೈ ಬೊಬ್ಬೆ ಏಳುವುದೇಕೆಂದು ಇದರಿಂದಲೇ ತಿಳಿಯಬಹುದು. ತೀರ್ಥಹಳ್ಳಿಯ ಸೀಮೆ ಸಮುದ್ರಮಟ್ಟದಿಂದ 600 ಮೀಟರಿನಷ್ಟು ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದು 98 ಡಿಗ್ರಿಗೆ. ಮಂಗಳೂರಿನಿಂದ ಬಂದ ಅಡಿಗೆಯವರಿಗೆ ಬೇಳೆ ಸ್ವಲ್ಪ ಸತಾಯಿಸಿದರೆ ಬೇಳೆಯನ್ನು ಮಾತ್ರ ಬೈಯುವುದು ಸರಿಯಲ್ಲ.

ಬೇರೆ ಸೀಮೆಯಿಂದ ಬರುವ ಅಡಿಗೆಯವರು ಮಲೆನಾಡಿನಲ್ಲಿ ಎಚ್ಚರ ತಪ್ಪುವುದು ಕಾಡಿನ ಪದಾರ್ಥಗಳಲ್ಲಿ. ಮಳೆಗಾಲದ ಆರಂಭದಲ್ಲಿ ಬರುವ ಕಳಲೆ, ಎಂದರೆ ಎಳೆ ಬಿದಿರು, ನೋಡಲು ಸಾಧು. ಅದರಲ್ಲಿರುವ ಟ್ಯಾಕ್ಸಿಫಿಲಿನ್ ಎಂಬ ವಸ್ತು ಕತ್ತರಿಸಿದಾಗ ಒಡೆದು ಹೈಡ್ರೊಸಯನಿಕ್ ಆಮ್ಲವನ್ನು ಬಿಡುತ್ತದೆ. ಅದು ಹೆಸರಾಂತ ವಿಷ. ಹೆಚ್ಚಿದ ಕಳಲೆಯನ್ನು ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಬೇಯಿಸಿ, ನೀರು ಚೆಲ್ಲುವುದನ್ನು ಇಲ್ಲಿನ ಅಜ್ಜಿಯರು ರಸಾಯನಶಾಸ್ತ್ರ ಓದದೆಯೇ ಕಂಡುಕೊಂಡರು. ವಿಷ ನೀರಿನಲ್ಲಿ ಕರಗುತ್ತದೆ, ಕುದಿಸಿದಾಗ ಹಾರಿ ಹೋಗುತ್ತದೆ. ಕೆಸುವಿನ ಎಲೆಯದು ಇನ್ನೊಂದು ಬಗೆಯ ತಂಟೆ. ಅದರ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳಿವೆ. ಅವು ಚುಚ್ಚಿ ಗಂಟಲು ಕೆರೆಯುತ್ತದೆ. ಅದಕ್ಕೇ ಕೆಸುವಿಗೆ ಧಾರಾಳ ಹುಳಿ ಮತ್ತು ಸಾವಕಾಶದ ಬೇಯುವಿಕೆ. ಇನ್ನೂರು ಜನರ ಗಂಟಲು ಒಟ್ಟಿಗೆ ಕೆರೆದರೆ ಅಡಿಗೆಯವನು ಆ ಊರಿಗೆ ಮತ್ತೆ ಕಾಲಿಡುವ ಹಾಗಿಲ್ಲ.

ಚಗಳಿ ಇರುವೆಯ ಚಟ್ನಿಯ ಮಾತೂ ಇಲ್ಲಿ ಬರಬೇಕು. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಆ ಕೆಂಪಿರುವೆಯ ಚಟ್ನಿ ಮಲೆನಾಡಿನ ಹಲವರಿಗೆ ಪ್ರಿಯ. ಪೇಟೆಯ ನೆಂಟರು ಮೂಗು ಮುರಿಯುವುದೂ ಉಂಟು. ಡೆನ್ಮಾರ್ಕಿನ 'ನೋಮಾ' ಎಂಬ ಜಗತ್ಪ್ರಸಿದ್ಧ ರೆಸ್ಟೊರೆಂಟಿನ ಬಾಣಸಿಗ ರೆನೆ ರೆಡ್ಜೆಪಿ 2015ರ ಜನವರಿಯಲ್ಲಿ ತನ್ನ ತಂಡವನ್ನೆಲ್ಲ ಕಟ್ಟಿಕೊಂಡು ಟೋಕಿಯೋಗೆ ಹೋಗಿ, ಅಲ್ಲಿನ ಹೋಟೆಲೊಂದರಲ್ಲಿ ಕೆಲವು ವಾರಗಳ ಮಟ್ಟಿಗೆ ಅಡಿಗೆ ಹೂಡಿದ. ಪಾಪ್-ಅಪ್‌ಗಳಲ್ಲೆಲ್ಲ ಅತಿ ಹೆಚ್ಚು ಸುದ್ದಿಯಾದವುಗಳಲ್ಲಿ ಇದೊಂದು. ಅಲ್ಲಿ ಬಡಿಸಿದ ಒಂದು ಭಕ್ಷ್ಯವೇನು ಗೊತ್ತೆ? ಹಸಿ ಸಿಗಡಿಯ ಮೇಲೆ ಕಾಡಿನ ಇರುವೆ! ಅತಿಥಿಗಳು ದುಬಾರಿ ಬೆಲೆ ತೆತ್ತು ಅದನ್ನು ಚಪ್ಪರಿಸಿದರು. ಇರುವೆಯ ಮೈಯ ಫಾರ್ಮಿಕ್ ಆಮ್ಲವೇ ನಿಂಬೆಯಂಥ ಆ ಹುಳಿಗೆ ಕಾರಣ. ಒಡಿಶಾದ ಮಯೂರ್‌ಭಂಜಿನ ಕೆಂಪಿರುವೆ ಚಟ್ನಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆಯಿತು. ಮೂಗು ಮುರಿಯುವ ನೆಂಟರಿಗೆ ಇಷ್ಟು ಹೇಳಿದರೆ ಸಾಕು.

ರಾತ್ರಿ ಉಳಿದ ಸಾರು

ಹನ್ನೊಂದು ಗಂಟೆ. ಕೊನೆಯ ಪಂಕ್ತಿ ಎದ್ದಾಗಿದೆ. ಇನ್ನೂರರ ಮೇಲೆ ಹೋಗದೆಂದು ಯಜಮಾನರು ಹೇಳಿದ್ದ ಎಲೆ ಇನ್ನೂರ ಮೂವತ್ತಕ್ಕೆ ಮುಟ್ಟಿದ್ದರೂ ಕೊಪ್ಪರಿಗೆಯಲ್ಲಿ ಇಪ್ಪತ್ತು ಮೂವತ್ತು ಲೀಟರಿನಷ್ಟು ಸಾರು ಉಳಿದಿದೆ. ಮನೆಯವರು ಮೆಲ್ಲಗೆ ಕೇಳುತ್ತಾರೆ: "ಬೆಳಿಗ್ಗೆ ತಿಂಡಿಗೆ ಆಗ್ತದಲ್ಲ? ಮುಚ್ಚಿಟ್ರೆ ಏನಾಗಲ್ಲ." ಒಂದು ರಾತ್ರಿಯ ಅಡಿಗೆಯವರ ನಿಜವಾದ ಪರೀಕ್ಷೆ ಇದು. ರುಚಿ ಕೆಟ್ಟರೆ ಒಂದು ದಿನದ ಮಾತು. ಹೊಟ್ಟೆ ಕೆಟ್ಟರೆ ಮದುವೆ ಮನೆಯೇ ಆಸ್ಪತ್ರೆ.

ಇಲ್ಲಿ ಮತ್ತೆ ಆ ಘನದ ಲೆಕ್ಕಕ್ಕೆ ಬನ್ನಿ. ದೊಡ್ಡ ಪಾತ್ರೆ ನಿಧಾನವಾಗಿ ಕಾಯುವಂತೆಯೇ ನಿಧಾನವಾಗಿ ಆರುತ್ತದೆ. ಮನೆಯ ಸಣ್ಣ ಪಾತ್ರೆಯ ಸಾರು ಒಂದೆರಡು ಗಂಟೆಯಲ್ಲಿ ತಣಿಯುತ್ತದೆ. ಮುಚ್ಚಿಟ್ಟ ಕೊಪ್ಪರಿಗೆಯ ನಡುಭಾಗ ಮರುದಿನ ಬೆಳಿಗ್ಗೆಯೂ ಉಗುರು ಬೆಚ್ಚಗಿರುತ್ತದೆ. ಬ್ಯಾಕ್ಟೀರಿಯಗಳಿಗೆ ಹಿತವಾದದ್ದು ಅದೇ. ಐದು ಡಿಗ್ರಿಗಿಂತ ಕೆಳಗೆ ಅವು ಬಹುಮಟ್ಟಿಗೆ ಸುಮ್ಮನಿರುತ್ತವೆ. ಅರವತ್ತರ ಮೇಲೆ ಬೆಳೆಯಲಾರವು. ನಡುವಿನದ್ದೆಲ್ಲ ಅಪಾಯದ ಪ್ರದೇಶ. ಅನುಕೂಲ ಸಿಕ್ಕಿದ ಒಂದು ಬ್ಯಾಕ್ಟೀರಿಯ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆಂದರೆ ನಾಲ್ಕು ಗಂಟೆಯಲ್ಲಿ ಹನ್ನೆರಡು ಬಾರಿ ಇಮ್ಮಡಿಸುತ್ತದೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ, ಒಂದು ಇದ್ದದ್ದು 4096 ಆಗುತ್ತದೆ. ಇನ್ನು ನಾಲ್ಕು ಗಂಟೆ ಕಳೆದರೆ ಒಂದು ಕೋಟಿ ಅರವತ್ತು ಲಕ್ಷ ದಾಟುತ್ತದೆ.

"ಕುದಿಸಿದ್ದೇವಲ್ಲ, ಎಲ್ಲ ಸತ್ತಿರುತ್ತವೆ" ಎನ್ನುವವರಿದ್ದಾರೆ. ಎಲ್ಲವೂ ಸಾಯುವುದಿಲ್ಲ. ಅನ್ನದಲ್ಲಿ ಬರುವ ಬ್ಯಾಸಿಲಸ್ ಸೀರಿಯಸ್, ಮಾಂಸ ಮತ್ತು ಬೇಳೆಯ ಅಡಿಗೆಯಲ್ಲಿ ಬರುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಇವೆರಡೂ ಬೀಜಾಣುಗಳಾಗಿ ಕುದಿತವನ್ನು ತಡೆದುಕೊಳ್ಳಬಲ್ಲವು. ಸಾರು ಆರುತ್ತ ಬಂದಂತೆ ಮೊಳೆಯುತ್ತವೆ. ಎರಡನೆಯದಕ್ಕಂತೂ ಗಾಳಿ ಬೇಡ. ದೊಡ್ಡ ಕೊಪ್ಪರಿಗೆಯ ಆಳವೇ ಅದಕ್ಕೆ ಇಷ್ಟ. ಸಾಮೂಹಿಕ ಅಡಿಗೆ ನಡೆಯುವ ಕಡೆಗಳಲ್ಲೇ ಅದರ ಹಾವಳಿ ಹೆಚ್ಚು. ಬ್ಯಾಸಿಲಸ್ ಬಿಡುವ ಒಂದು ಬಗೆಯ ವಿಷವಂತೂ ಮತ್ತೆ ಕುದಿಸಿದರೂ ಅಳಿಯುವುದಿಲ್ಲ. ಬೆಳಿಗ್ಗೆ ಬಿಸಿ ಮಾಡಿ ಬಡಿಸಿದರಾಯಿತು ಎಂಬ ಧೈರ್ಯ ಅನ್ನದ ಮಟ್ಟಿಗೆ ತಪ್ಪು ಧೈರ್ಯ. ಬಸಿದ ಅನ್ನವನ್ನು ರಾಶಿ ಹಾಕದೆ ಚಾಪೆಯ ಮೇಲೆ ತೆಳ್ಳಗೆ ಹರವುವ ಪದ್ಧತಿಯ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಸಂದೇಹವಿರುವವರು ಮನೆಯಲ್ಲೇ ನೋಡಬಹುದು. ಒಂದು ಲೋಟ, ಒಂದು ಬಕೆಟ್. ಎರಡಕ್ಕೂ ಒಂದೇ ಹಂಡೆಯ ಬಿಸಿನೀರು ತುಂಬಿ, ಹತ್ತು ನಿಮಿಷಕ್ಕೊಮ್ಮೆ ಥರ್ಮಾಮೀಟರ್ ಇಟ್ಟು (ಜ್ವರ ನೋಡುವುದಲ್ಲ, ಶಾಲೆಯ ಪ್ರಯೋಗಾಲಯದ್ದು) ಬರೆದುಕೊಂಡು ನಕ್ಷೆ ಎಳೆಯಿರಿ. ನ್ಯೂಟನ್ನನ ತಣಿಯುವ ನಿಯಮ ಪುಸ್ತಕದಿಂದೆದ್ದು ಕಣ್ಣೆದುರು ನಿಲ್ಲುತ್ತದೆ. ಬಿಸಿನೀರಿನ ಕೆಲಸಕ್ಕೆ ಹಿರಿಯರು ಜೊತೆಗಿರಲಿ.

ಜವಾಬ್ದಾರಿ ಬಲ್ಲ ಅಡಿಗೆಯವರು ಉಳಿದ ಸಾರನ್ನು ಅಗಲ ಪಾತ್ರೆಗಳಿಗೆ ಹಂಚುತ್ತಾರೆ, ಇಲ್ಲವೇ ರಾತ್ರಿಯೇ ಆಳುಮಕ್ಕಳಿಗೆ, ನೆರೆಮನೆಗಳಿಗೆ ಬಿಸಿಬಿಸಿಯಾಗಿ ಕಳಿಸಿಬಿಡುತ್ತಾರೆ. ತೆಂಗಿನಕಾಯಿ ಅರೆದು ಹಾಕಿದ್ದಾದರೆ ಇಟ್ಟುಕೊಳ್ಳುವ ಮಾತೇ ಇಲ್ಲ. ಏಪ್ರಿಲ್ಲಿನ ಸೆಕೆಗೆ ಅದು ಬೇಗ ಹಳಸುತ್ತದೆ. ಮಾವಿನ ಮಿಡಿಯ ಅಪ್ಪೆಹುಳಿ ಸ್ವಲ್ಪ ತಾಳುತ್ತದೆ, ಏಕೆಂದರೆ ಕಡು ಹುಳಿಯಲ್ಲಿ ಹೆಚ್ಚಿನ ಬ್ಯಾಕ್ಟೀರಿಯಗಳು ಹೆಣಗುತ್ತವೆ. ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಉಳಿಯುವ ಅಪ್ಪೆಮಿಡಿಯ ಗುಟ್ಟೂ ಉಪ್ಪು ಹುಳಿಗಳ ಇದೇ ಜೋಡಿ. ಕೆಲವು ಯಜಮಾನರು ಮಾತ್ರ ಹಟ ಹಿಡಿಯುತ್ತಾರೆ. ಆಗ ಅಡಿಗೆಯವರು ಜಗಳಕ್ಕೆ ನಿಲ್ಲುವುದಿಲ್ಲ. ಕತ್ತಲಲ್ಲಿ ಕೊಪ್ಪರಿಗೆ ಬಗ್ಗಿಸಿ ಚೆಲ್ಲಿ, "ಬೆಕ್ಕು ಬಾಯಿ ಹಾಕಿತ್ತು" ಎಂದುಬಿಟ್ಟವರೂ ಇದ್ದಾರೆ!

ಇದು ಹಳ್ಳಿಯ ಚಪ್ಪರದ ಸಮಸ್ಯೆ ಮಾತ್ರವೆಂದು ತಿಳಿಯಬೇಡಿ. ಮೇಲೆ ಹೇಳಿದ ಅದೇ ನೋಮಾದಲ್ಲಿ 2013ರ ಫೆಬ್ರವರಿಯಲ್ಲಿ ಉಂಡವರ ಪೈಕಿ 63 ಮಂದಿ ನೋರೊ ವೈರಸ್ಸಿನಿಂದ ವಾಂತಿ ಭೇದಿಗೆ ಸಿಕ್ಕಿದರು. ಅದಕ್ಕಿಂತ ಮೊದಲಿನ ಮೂರು ವರ್ಷ ಸತತವಾಗಿ ಅದು ಜಗತ್ತಿನ ಅತ್ಯುತ್ತಮ ರೆಸ್ಟೊರೆಂಟೆಂದು ಪಟ್ಟ ಪಡೆದಿತ್ತು. ಈ ವೈರಸ್ಸು ಹರಡುವುದು ಹೆಚ್ಚಾಗಿ ತೊಳೆಯದ ಕೈಯಿಂದ. ಹೊಟ್ಟೆ ಸರಿಯಿಲ್ಲದ ಸಹಾಯಕನನ್ನು ಮುಲಾಜಿಲ್ಲದೆ ಮನೆಗೆ ಕಳಿಸುವ ಅಡಿಗೆಯವರು ಎಷ್ಟು ಮಂದಿ? ದಿನಗೂಲಿ ತಪ್ಪುತ್ತದೆಂದು ಹೊಟ್ಟೆನೋವು ಮುಚ್ಚಿಟ್ಟುಕೊಂಡು ಬರುವ ಹುಡುಗರ ಕಷ್ಟವನ್ನೂ ಮರೆಯುವಂತಿಲ್ಲ.

ಕಡಿಮೆ ಎಲೆಯ ಮದುವೆ

ಕುಪ್ಪಳ್ಳಿಗೆ ಇನ್ನೊಂದು ಬಗೆಯ ಮದುವೆಯ ನೆನಪೂ ಇದೆ. 1966ರಲ್ಲಿ ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಇಲ್ಲಿ ಮಂತ್ರಮಾಂಗಲ್ಯದ ರೀತಿಯಲ್ಲಿ ನಡೆಸಿದರು. ಪುರೋಹಿತರಿಲ್ಲ, ವಾಲಗವಿಲ್ಲ, ಆಡಂಬರವಿಲ್ಲ, ಊಟದಲ್ಲೂ ವೈಭವವಿಲ್ಲ. ಆ ವರ್ಷಗಳೂ ಅಂಥವೇ. 1965, 66ರಲ್ಲಿ ದೇಶದಲ್ಲಿ ಮಳೆ ಕೈಕೊಟ್ಟು, ಅಮೆರಿಕದ ಗೋಧಿಗಾಗಿ ಬಂದರಿನಲ್ಲಿ ಕಾಯುವ ಕಾಲ. ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ಕೇಳಿಕೊಂಡಿದ್ದರು. ಸಾಲ ಮಾಡಿ ಊರಿಗೆ ಊಟ ಹಾಕಿ ಆಮೇಲೆ ತೋಟ ಮಾರಿಕೊಂಡವರನ್ನು ಮಲೆನಾಡು ಸಾಕಷ್ಟು ಕಂಡಿದೆ. ಮಂತ್ರಮಾಂಗಲ್ಯವನ್ನು ಒಪ್ಪಿದವರು ಈಗಲೂ ಕುಪ್ಪಳ್ಳಿಗೆ ಬಂದು ಮದುವೆಯಾಗುವುದುಂಟು.

ಅಡಿಗೆಯವರು ಇದರಿಂದ ಹೊಟ್ಟೆ ಉರಿದುಕೊಳ್ಳುತ್ತಾರೆಂದು ಭಾವಿಸಿದರೆ ತಪ್ಪು. ಅವರಿಗೆ ಬೇಸರ ತರುವುದು ಕಡಿಮೆ ಎಲೆಯಲ್ಲ; ಅರ್ಧ ಉಂಡು ಮಡಚಿದ ಎಲೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 2012ರ ಹೊತ್ತಿಗೆ ನಗರದ ಕಲ್ಯಾಣ ಮಂಟಪಗಳಲ್ಲಿ ನಡೆಸಿದ ಅಧ್ಯಯನದ ಪ್ರಕಾರ ಅಲ್ಲಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ವ್ಯರ್ಥವಾಗುತ್ತಿತ್ತು. ಬೆಲೆ 339 ಕೋಟಿ ರೂಪಾಯಿ. ಭಕ್ಷ್ಯಗಳ ಸಂಖ್ಯೆ ಏರಿದಷ್ಟೂ ಎಲೆಯಲ್ಲಿ ಉಳಿಯುವುದು ಏರುತ್ತದೆ. ಮೂವತ್ತು ಬಗೆ ಮಾಡಿಸಿದೆವೆಂದು ಬೀಗುವವರಿಗಿಂತ, ಐದೇ ಬಗೆ ಮಾಡಿಸಿ ಎರಡನೆಯ ಸಲ ಕೇಳಿ ಬಡಿಸುವ ಮನೆಯೇ ಅಡಿಗೆಯವರಿಗೆ ಅಚ್ಚುಮೆಚ್ಚು.

ಈ ವೃತ್ತಿಗೆ ಹೊಸಬರು ಬರುತ್ತಿದ್ದಾರೆಯೆ? ಹಳೆಯ ದಾರಿಯಲ್ಲಿ, ಎಂದರೆ ಹನ್ನೆರಡನೆಯ ವಯಸ್ಸಿಗೆ ಪಾತ್ರೆ ತಿಕ್ಕಲು ಸೇರಿ ಮೂವತ್ತಕ್ಕೆ ಸೌಟು ಹಿಡಿಯುವ ದಾರಿಯಲ್ಲಿ, ಬರುವವರು ಇಲ್ಲವಾಗುತ್ತಿದ್ದಾರೆ. ಅದು ಒಳ್ಳೆಯದೇ, ಆ ವಯಸ್ಸಿನ ಹುಡುಗ ಶಾಲೆಯಲ್ಲಿರಬೇಕು. ಪಿಯುಸಿ ಮುಗಿಸಿ, ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆದು ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿಗೆ ಸೇರುವ ದಾರಿ ಈಗಿದೆ. ಬೆಂಗಳೂರಿನಲ್ಲೇ ಅದರ ಸರ್ಕಾರಿ ಸಂಸ್ಥೆಯಿದೆ. ಆಹಾರದ ವಿಜ್ಞಾನದಲ್ಲೇ ಆಸಕ್ತಿಯಿದ್ದರೆ 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಸ್ನಾತಕೋತ್ತರ ವ್ಯಾಸಂಗವುಂಟು. ಸೌದೆಯ ಶಬ್ದ ಕೇಳಿ ಹಸಿಯೋ ಒಣಗಿದ್ದೋ ಹೇಳುವ ವಿದ್ಯೆಯನ್ನು ಮಾತ್ರ ಅಲ್ಲಿ ಯಾರೂ ಕಲಿಸಲಾರರು. ಅದನ್ನು ಚಪ್ಪರದಡಿಯೇ ಕಲಿಯಬೇಕು.

ವಿಚಿತ್ರವೆಂದರೆ, ಮನೆಯಲ್ಲಿ ವರ್ಷದ 365 ದಿನವೂ ಬೇಯಿಸುವವರು ಹೆಂಗಸರು, ಚಪ್ಪರದಲ್ಲಿ ಒಂದು ರಾತ್ರಿ ಬೇಯಿಸಿ ಹೆಸರು, ಸಂಭಾವನೆ ಎರಡನ್ನೂ ಒಯ್ಯುವವರು ಗಂಡಸರು. ಹೆಂಗಸರ ಪಾಲಿಗೆ ಹೆಚ್ಚುವುದು, ರುಬ್ಬುವುದು. ಸ್ವಸಹಾಯ ಸಂಘದ ಮಹಿಳೆಯರು ಸಣ್ಣಪುಟ್ಟ ಸಮಾರಂಭಗಳ ಊಟ ವಹಿಸಿಕೊಳ್ಳುವುದು ಈಗ ಅಲ್ಲಲ್ಲಿ ಕಾಣಿಸುತ್ತಿದೆ. ದೊಡ್ಡ ಕೊಪ್ಪರಿಗೆಯ ಸಟ್ಟುಗ ಅವರ ಕೈಗೆ ಬರಲು ಇನ್ನೆಷ್ಟು ದಿನವೋ.

ಮದುವೆಯ ದಿನ ಮಧ್ಯಾಹ್ನ. ಹನ್ನೆರಡೂವರೆಗೆ ಮೊದಲ ಪಂಕ್ತಿ. ಅದಕ್ಕೂ ಮುನ್ನ ಮುಖ್ಯ ಅಡಿಗೆಯವರು ಪ್ರತಿಯೊಂದರ ಹನಿಯನ್ನು ಅಂಗೈಗೆ ಬಿಟ್ಟುಕೊಂಡು, ಸ್ವಲ್ಪ ಆರಿದ ಮೇಲೆ ನೆಕ್ಕಿ ನೋಡುತ್ತಾರೆ. ಕುದಿಯುವಾಗ ನಾಲಿಗೆಗೆ ಉಪ್ಪಿನ ಅಂದಾಜು ಸಿಗದು. ಉಣ್ಣುವವರು ಉಣ್ಣುವ ಬಿಸಿಯಲ್ಲೇ ನೋಡಬೇಕು. ಎಲೆ ನಾನೂರ ಅರವತ್ತಕ್ಕೆ ಮುಟ್ಟಿತು. ಕೊನೆಯ ಪಂಕ್ತಿಗೆ ಪಾಯಸ ತುಸು ತೆಳುವಾಗಿದ್ದರೆ ಅದು ಏಕೆಂದು ಒಳಗಿನವರಿಗೆ ಮಾತ್ರ ಗೊತ್ತು.

ತಾವು ಅವರು ಉಣ್ಣಲು ಕುಳಿತಾಗ ಮೂರೂವರೆ. ಅನ್ನ, ಮಜ್ಜಿಗೆ, ಒಂದು ಮಿಡಿ ಉಪ್ಪಿನಕಾಯಿ. ಬೇರೆ ಯಾವುದೂ ಬೇಡ. ಸಂಭಾವನೆ ಎಣಿಸಿಕೊಂಡಾಯಿತು; ಎಲೆ ಅಡಿಕೆಯ ಜೊತೆ ಒಂದು ತೆಂಗಿನಕಾಯಿ. ಹುಡುಗರು ಕೊಪ್ಪರಿಗೆಗಳನ್ನು ಬೂದಿ ಹಚ್ಚಿ ತಿಕ್ಕಿ, ಗುಂಡಿಗೆ ಮಣ್ಣೆಳೆದು, ಮೇಲೆ ಎರಡು ಕೊಡ ನೀರು ಸುರಿದರು. ಐದು ಗಂಟೆಯ ಬಸ್ಸಿಗೆ ಅಡಿಗೆಯವರು ಗೋಣಿಚೀಲದಲ್ಲಿ ಸುತ್ತಿದ ತಮ್ಮ ಸಟ್ಟುಗ, ಜಾಲರಿಗಳನ್ನು ಹಿಡಿದು ರಸ್ತೆಯ ಬದಿ ನಿಂತಿದ್ದರು. ಹೊಸನಗರದ ಕಡೆ ಇನ್ನೊಂದು ಮನೆಯಲ್ಲಿ ಇವತ್ತು ರಾತ್ರಿಯೇ ಚಪ್ಪರದ ಊಟ. ಮುನ್ನೂರು ಎಲೆ ಎಂದಿದ್ದಾರಂತೆ.